ಪೊಲಿಟಿಕಾ ಪತ್ರಿಕೆಯ ಮಾಲೀಕ ಯಾರು?

ಯಾವುದೇ ಪತ್ರಿಕೆಯ ಇತಿಹಾಸ ಓದುವಾಗ ನಾನು ಮೊದಲು ಹುಡುಕೋದು ಸಂಪಾದಕರ ಹೆಸರಲ್ಲ, ಷೇರು ಯಾರ ಕೈಯಲ್ಲಿದೆ ಅನ್ನೋದು. ಸಾಫ್ಟ್‌ವೇರ್‌ನವರ ಚಟ ಅನ್ನಿ, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಮೊದಲು ನೋಡ್ತೀವಿ.

ಬೆಲ್‌ಗ್ರೇಡ್‌ನ 'ಪೊಲಿಟಿಕಾ' ತಗೊಳ್ಳಿ. 1904ರಲ್ಲಿ ವ್ಲಾದಿಸ್ಲಾವ್ ರಿಬ್ನಿಕಾರ್ ಶುರು ಮಾಡಿದ ದಿನಪತ್ರಿಕೆ. ಅವರೂ ತಮ್ಮ ದಾರ್ಕೊ ಕೂಡ 1914ರ ಯುದ್ಧದಲ್ಲಿ ಸತ್ತರು. ಪತ್ರಿಕೆ ಮನೆತನದಲ್ಲೇ ಉಳೀತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಮ್ಯುನಿಸ್ಟ್ ಕಾಲ. 1980ರ ದಶಕದ ಕೊನೆಗೆ ಅದು ಮಿಲೊಸೆವಿಚ್‌ನ ತುತ್ತೂರಿ ಆಯ್ತು. 1988ರಿಂದ 'ಪ್ರತಿಧ್ವನಿ ಮತ್ತು ಪ್ರತಿಕ್ರಿಯೆ' ಅನ್ನೋ ಅರ್ಥದ ಹೆಸರಿನ ಅಂಕಣದಲ್ಲಿ ಓದುಗರ ಪತ್ರಗಳ ಮೂಲಕವೇ ಕೊಸೊವೊ ಅಲ್ಬೇನಿಯನ್ನರ ಮೇಲೆ ದ್ವೇಷ ಉಕ್ಕಿಸಿದರು. ಸಂಪಾದಕೀಯಕ್ಕಿಂತ ಇದು ಹೆಚ್ಚು ನಾಟುತ್ತೆ, ಯಾಕಂದ್ರೆ ಮಾತಾಡ್ತಿರೋದು 'ಜನ'.

2000ದಲ್ಲಿ ಮಿಲೊಸೆವಿಚ್ ಬಿದ್ದ ಮೇಲೆ ಜರ್ಮನಿಯ ವಾಜ್ ಕಂಪನಿ ಅರ್ಧ ಪಾಲು ಕೊಂಡಿತು. 2012ರಲ್ಲಿ ಆ ಪಾಲು ಹೋಗಿದ್ದು ಮಾಸ್ಕೋದಲ್ಲಿ ನೋಂದಣಿಯಾದ, ಹೆಚ್ಚು ಜನ ಕೇಳಿರದ ಈಸ್ಟ್ ಮೀಡಿಯಾ ಗ್ರೂಪ್‌ಗೆ. ಪಕ್ಷವೇ ಯಜಮಾನ ಆಗಿದ್ದಾಗ ಕನಿಷ್ಠ ಯಾರನ್ನ ಬೈಬೇಕು ಅಂತ ಗೊತ್ತಿತ್ತು!

ಅದೇ ವಾಜ್ 2003ರಲ್ಲಿ ಮ್ಯಾಸಿಡೋನಿಯಾದ ದ್ನೆವ್ನಿಕ್, ಉತ್ರಿನ್ಸ್ಕಿ ವೆಸ್ನಿಕ್, ವೆಸ್ಟ್ ಮೂರನ್ನೂ ಹಿಡಿದಿತ್ತು. ಆಮೇಲೆ ಮಾರಿ ಹೋಯ್ತು. 2017ರಲ್ಲಿ ಮೂರೂ ಮುಚ್ಚಿದವು.