ಸೀಮಂತದ ವೀಣೆಯೂ ಗರ್ಭಸ್ಥ ಶಿಶುವಿನ ಶ್ರವಣವೂ

ಬೆಂಗಳೂರಿನ ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳ ಕೆಲವು ಮನೆಗಳಲ್ಲಿ ಸೀಮಂತದಂದು ಗರ್ಭಿಣಿಯ ಮುಂದೆ ವೀಣೆ ನುಡಿಸುವ ವಾಡಿಕೆ ಇಂದಿಗೂ ಉಂಟು. ಒಳಗಿನ ಶಿಶು ಕೇಳಲೆಂದೇ ಪ್ರಾಚೀನರು ಇದನ್ನು ವಿಧಿಸಿದರೆಂದು ಹೇಳುವವರಿದ್ದಾರೆ. ಆ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಸೀಮಂತೋನ್ನಯನದಲ್ಲಿ ವೀಣಾಗಾಥಿಗಳಿಬ್ಬರಿಗೆ ಹಾಡಲು ಹೇಳಬೇಕೆಂಬ ವಿಧಿ ಆಶ್ವಲಾಯನ, ಪಾರಸ್ಕರ ಗೃಹ್ಯಸೂತ್ರಗಳೆರಡರಲ್ಲಿಯೂ ಇದೆ. ಗಾಥೆಯು ಸೋಮರಾಜನ ಸ್ತುತಿ. ಕೊನೆಯಲ್ಲಿ ತಾವು ವಾಸಿಸುವ ನದೀತೀರದ ಹೆಸರನ್ನು ಎತ್ತಬೇಕು. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂಬ ಐತಿಹ್ಯವುಳ್ಳ ವೃಷಭಾವತಿಯೇ ಇಲ್ಲಿಯವರಿಗೆ ಆ ನದಿಯಾಗಬೇಕು. ಅದರ ಈಗಿನ ಸ್ಥಿತಿಯನ್ನು ಬಲ್ಲವರು ಹೆಸರೆತ್ತಲು ಹಿಂಜರಿದಾರು! ಶಿಶುವಿನ ಕಿವಿಯ ಪ್ರಸ್ತಾಪವಾದರೋ ಆ ವಿಧಿಯಲ್ಲಿಲ್ಲ. ಕಾಲವಿಷಯದಲ್ಲಿಯೂ ಮತಭೇದವಿದೆ: ಆಶ್ವಲಾಯನನು ನಾಲ್ಕನೆಯ ತಿಂಗಳೆಂದರೆ ಪಾರಸ್ಕರನು ಆರು ಅಥವಾ ಎಂಟು ಎನ್ನುತ್ತಾನೆ.

ಗರ್ಭಸ್ಥನು ಕೇಳುವನೆಂಬ ನಂಬಿಕೆಗೆ ಆಧಾರವನ್ನು ಬೇರೆಡೆ ಹುಡುಕಬೇಕು. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನು ಗರ್ಭದಲ್ಲಿದ್ದುಕೊಂಡೇ ತಂದೆಯ ಅಧ್ಯಯನದಲ್ಲಿ ದೋಷವೆತ್ತಿ ಶಾಪಕ್ಕೆ ಗುರಿಯಾದನು. ಅಭಿಮನ್ಯುವಿನ ಕಥೆ ಹಾಗಲ್ಲ. ವ್ಯಾಸಭಾರತದ ದ್ರೋಣಪರ್ವದಲ್ಲಿ ವ್ಯೂಹವನ್ನು ಭೇದಿಸುವ ಉಪಾಯವನ್ನು ತನಗೆ ತಂದೆ ಉಪದೇಶಿಸಿದನೆಂದಷ್ಟೇ ಅವನು ಹೇಳುತ್ತಾನೆ. ಸುಭದ್ರೆಯ ಗರ್ಭದಿಂದ ಹೂಂಗುಟ್ಟಿದುದು ಜನರ ಬಾಯಲ್ಲಿ ಬೆಳೆದ ಕಥೆಯೆಂದೇ ತೋರುತ್ತದೆ.

ಪಾಶ್ಚಾತ್ಯರಲ್ಲಿ ಈ ವಿಷಯವು ಪ್ರಯೋಗಕ್ಕೆ ಬಂದುದು ಈಚೆಗೆ. 1925ರಲ್ಲಿ ಜರ್ಮನಿಯ ವೈದ್ಯ ಆಲ್ಬ್ರೆಕ್ಟ್ ಪೈಪರ್ ಗರ್ಭಿಣಿಯರ ಬಳಿ ಮೋಟಾರುಗಾಡಿಯ ಹಾರನ್ನನ್ನು ಊದಿಸಿ ಶಿಶುವಿನ ಚಲನೆಯನ್ನು ಗುರುತಿಸಿದನು. ಬೆಲ್‌ಫಾಸ್ಟಿನ ಹೆಪ್ಪರ್ ಮತ್ತು ಶಾಹಿದುಲ್ಲಾ 1994ರಲ್ಲಿ ಪ್ರಕಟಿಸಿದ ಶೋಧನೆಯು ಇನ್ನೂ ಸೂಕ್ಷ್ಮವಾದುದು. ಸೆಕೆಂಡಿಗೆ 500 ಕಂಪನಗಳ ಸ್ವರಕ್ಕೆ 19ನೆಯ ವಾರದಲ್ಲಿ ಮೊದಲ ಸ್ಪಂದನ ಕಂಡಿತು. 27ನೆಯ ವಾರಕ್ಕೆ 250 ಮತ್ತು 500ರ ಸ್ವರಗಳಿಗೆ 100ರಲ್ಲಿ 96 ಶಿಶುಗಳು ಅಲುಗಿದುವು. 1000, 3000 ಕಂಪನಗಳ ತಾರಸ್ವರಗಳಿಗೆ ಆಗ ಸ್ಪಂದನವಿರಲಿಲ್ಲ. ತಾಯಿಯ ಒಡಲು ಮಂದ್ರವನ್ನು ಬಿಟ್ಟುಕೊಟ್ಟು ತಾರವನ್ನು ತಗ್ಗಿಸುವುದೂ ಇದಕ್ಕೆ ಸೇರುತ್ತದೆ.

ಈ ಗಣನೆಯಂತೆ ಆಶ್ವಲಾಯನನ ನಾಲ್ಕನೆಯ ತಿಂಗಳ ವೀಣೆ ಶಿಶುವಿಗೆ ಕೇಳಿಸಿರಲಾರದು. ಪಾರಸ್ಕರನ ಎಂಟನೆಯ ತಿಂಗಳದು ಕೇಳಿಸಿರಬಹುದು. ಕೇಳುವುದರ ಸ್ವರೂಪವೂ ಗಮನಾರ್ಹ. ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗರ್ಭದ ಕೊನೆಯ ವಾರಗಳಲ್ಲಿ ತಾಯಿ ದಿನವೂ ಗಟ್ಟಿಯಾಗಿ ಓದಿದ್ದ ಕಥೆಯನ್ನು, ಬೇರೊಬ್ಬಳು ಓದಿದಾಗಲೂ, ನವಜಾತ ಶಿಶು ಗುರುತಿಸಿತು. ಅದು ಹಿಡಿದುದು ಓದಿನ ಧಾಟಿಯನ್ನು, ಅರ್ಥವನ್ನಲ್ಲ; ವ್ಯೂಹದ ಗುಟ್ಟು ಅದಕ್ಕೆ ದೊರೆಯದು.

ಈಚೆಗೆ ಕೆಲವರು ಗರ್ಭಿಣಿಯ ಹೊಟ್ಟೆಗೇ ಹೆಡ್‌ಫೋನು ಕಟ್ಟಿ ಸಂಗೀತವನ್ನು ಕೇಳಿಸುವರು. ಅತಿಯಾದ ಶಬ್ದವು ಗರ್ಭಸ್ಥ ಶಿಶುವಿಗೆ ಅಪಾಯಕರವಾಗಬಹುದೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿಯು 1997ರಲ್ಲಿ ಎಚ್ಚರಿಸಿದೆ. ಸೂತ್ರಕಾರರ ವೀಣಾಗಾಥಿಗಳು ಕುಳಿತು ಹಾಡುತ್ತಿದ್ದುದು ಗರ್ಭಿಣಿಯ ಎದುರಿನಲ್ಲಿ, ಅವಳ ಕಿವಿಗೆ ಹಿತವಾಗುವಷ್ಟು ದೂರದಲ್ಲಿ.