ಹಳೆಯ ರೇಡಿಯೋ ಪೆಟ್ಟಿಗೆಯೂ ಕಳೆದುಹೋದ ಕಾಗದಗಳೂ

ರಾಜ್ಯೋತ್ಸವದ ಈ ಸಂಚಿಕೆಗೆ ಒಂದು ಲೇಖನ ಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾವು ತುಸು ಹಿಂಜರಿದೆವು. ಕದಂಬರ, ಚಾಲುಕ್ಯರ, ವಿಜಯನಗರದ ಇತಿಹಾಸವನ್ನು ಬರೆಯಬಲ್ಲ ವಿದ್ವಾಂಸರು ಸಂಘದಲ್ಲಿ ಹಲವರಿದ್ದಾರೆ. ನಾವಾದರೋ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವವರು. ಜಮಾಖರ್ಚಿನ ಹೊರತು ಬೇರೆ ಶಾಸ್ತ್ರವನ್ನು ಅರಿಯೆವು. ಆದರೂ ನಮ್ಮ ಮನೆಯ ಒಂದು ಹಳೆಯ ರೇಡಿಯೋ ಪೆಟ್ಟಿಗೆ ನಮ್ಮನ್ನು ಒಂದು ವಿಚಿತ್ರವಾದ ಇತಿಹಾಸದ ಬೆನ್ನು ಹತ್ತಿಸಿತು. ಅದು ಶಿಲೆಯ ಮೇಲೆ ಕೆತ್ತಿದ ಶಾಸನಗಳ ಇತಿಹಾಸವಲ್ಲ, ತೆಳುವಾದ ಕಾಗದಗಳ ಇತಿಹಾಸ. ಓದುಗ ಬಂಧುಗಳು ಸಹನೆಯಿಂದ ಕೇಳಬೇಕು.

ನಮ್ಮ ಅಜ್ಜ ಧಾರವಾಡದಿಂದ ಮುಂಬಯಿಗೆ ಬಂದು ರೈಲ್ವೆ ಕಚೇರಿಯಲ್ಲಿ ದುಡಿದವರು. 1962ರಲ್ಲಿ ಅವರು ಕಂತಿನ ಮೇಲೆ ಐದು ವಾಲ್ವಿನ ಒಂದು ರೇಡಿಯೋ ಕೊಂಡರು. ಚಾಳಿನ ಒಂದೇ ಕೋಣೆಯ ಮನೆಯಲ್ಲಿ ಅದಕ್ಕೆ ದೇವರ ಗೂಡಿನ ಪಕ್ಕದಲ್ಲೇ ಸ್ಥಾನ. ರಾತ್ರಿಯ ಹೊತ್ತು ಧಾರವಾಡ ಕೇಂದ್ರ ಹಿಡಿಯಿತೆಂದರೆ ಅಕ್ಕಪಕ್ಕದ ನಾಲ್ಕು ಕನ್ನಡ ಮನೆಯವರೂ ಬಂದು ಚಾಪೆಯ ಮೇಲೆ ಕೂಡುತ್ತಿದ್ದರಂತೆ. ಧಾರವಾಡದ ಬಾನುಲಿ ಕೇಂದ್ರ ಆರಂಭವಾದುದು 1950ರ ಜನವರಿ 8ರಂದು. ಆಗ ಧಾರವಾಡವು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಕನ್ನಡ ನಾಡು ಒಂದಾದುದು 1956ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷ ಮೊದಲೇ ಕನ್ನಡದ ದನಿ ಗಾಳಿಯ ಮೇಲೆ ಗಡಿ ದಾಟಿ ಹರಿಯುತ್ತಿತ್ತು. ಹೊರನಾಡಿನಲ್ಲಿದ್ದ ನಮ್ಮ ಹಿರಿಯರಿಗೆ ಆ ಪೆಟ್ಟಿಗೆ ಏನಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

2018ರ ಮಳೆಗಾಲದಲ್ಲಿ ಅದು ಒಮ್ಮೆಲೇ ಮೂಕವಾಯಿತು. ಸುಟ್ಟ ವಾಸನೆಯೂ ಬಂದಿತು. “ಯಾಕೋ ತಮ್ಮಾ, ಪೆಟಗಿ ಸುಮ್ಮನಾತಲ್ಲೋ? ನಿಮ್ಮ ಅಜ್ಜನ ಕಾಲದಾಗ ಒಂದ ದಿನಾ ಹಿಂಗ ಆಗಿದ್ದಿಲ್ಲ” ಎಂದರು ಅಜ್ಜಿ. ಅಜ್ಜ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಪೆಟ್ಟಿಗೆಯನ್ನು ಹೊತ್ತುಕೊಂಡು ನಾವು ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಈಗ ಅದರ ಹೆಸರು ಡಾ. ಭಡಕಮಕರ ಮಾರ್ಗ, ಆದರೆ ರೇಡಿಯೋದವರ ಬಾಯಲ್ಲಿ ಅದು ಇಂದಿಗೂ ಲ್ಯಾಮಿಂಗ್ಟನ್ ರಸ್ತೆಯೇ. ಅಲ್ಲಿಯ ವೃದ್ಧ ಮರಾಠಿ ಮಿಸ್ತ್ರಿಯೊಬ್ಬರು ಪೆಟ್ಟಿಗೆಯನ್ನು ಬಿಚ್ಚಿ ನೋಡಿ, ಕಪ್ಪಗೆ ಕರಕಾಗಿದ್ದ ಒಂದು ರೆಸಿಸ್ಟರನ್ನು ತೋರಿಸಿದರು. ಅದರ ಬಣ್ಣದ ಪಟ್ಟಿಗಳು ಅಳಿಸಿಹೋಗಿದ್ದವು. ಬೆಲೆ ಎಷ್ಟೆಂದು ತಿಳಿಯುವಂತಿರಲಿಲ್ಲ. “ಕಾಗದ ಇದೆಯೇ?” ಎಂದು ಅವರು ಕೇಳಿದರು.

ಇಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಾಗದ ಇದ್ದಿತು. ಅಜ್ಜ ಅದನ್ನು ಕಂತಿನ ರಸೀತಿಗಳೊಡನೆ ಒಂದು ತಗಡಿನ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದರು. ಚಾಳು ಬಿಟ್ಟು ಡೊಂಬಿವಲಿಗೆ ಬಂದಾಗ, ಸಾಮಾನು ಹಗುರವಾಗಲೆಂದು, ಆ ಕಟ್ಟನ್ನು ರದ್ದಿವಾಲಾನ ತಕ್ಕಡಿಗೆ ಹಾಕಿದವರು ನಾವೇ. ಬ್ಯಾಂಕಿನಲ್ಲಿ ಒಂದು ಓಚರು ಕಾಣದಿದ್ದರೆ ಹಗಲೆಲ್ಲ ಹುಡುಕುವ ನಾವು ಮನೆಯಲ್ಲಿ ಹೀಗೆ ಮಾಡಿದೆವು.

ಹೀಗೆ ಕಳೆದ ಕಾಗದವನ್ನು ಹುಡುಕಹೊರಟಾಗ ನಮಗೆ ತಿಳಿದ ಸಂಗತಿಗಳು ಇಷ್ಟು. ವಿದ್ಯುತ್ ಯಂತ್ರಗಳ ಕಾಗದಗಳಲ್ಲಿ ಎರಡು ಬಗೆ. ಇಡೀ ಯಂತ್ರದ ಒಳಗಿನ ನಕ್ಷೆ, ಬಿಡಿಭಾಗಗಳ ಪಟ್ಟಿ, ದುರಸ್ತಿಯ ಕ್ರಮ ಇವನ್ನು ಹೇಳುವುದು ಕೈಪಿಡಿ. ಒಂದೇ ಒಂದು ಭಾಗದ ಗುಣವನ್ನು, ಅದರ ಯಾವ ಕಾಲಿನ ಕೆಲಸವೇನು, ಎಷ್ಟು ವೋಲ್ಟ್ ತಾಳುತ್ತದೆ ಎಂಬುದನ್ನು ಹೇಳುವುದು ಡಾಟಾಶೀಟ್. ಮೊದಲನೆಯದು ಮನೆತನದ ವಂಶಾವಳಿಯಿದ್ದಂತೆ. ಎರಡನೆಯದು ಒಬ್ಬನ ಜಾತಕವಿದ್ದಂತೆ.

ಅಮೆರಿಕದ ಆರ್‌ಸಿಎ ಕಂಪನಿಯು ವಾಲ್ವುಗಳ ಜಾತಕಗಳನ್ನೆಲ್ಲ ಸೇರಿಸಿ ಪುಸ್ತಕವಾಗಿ ಅಚ್ಚುಹಾಕಿಸುತ್ತಿತ್ತು. ಆವೃತ್ತಿಯ ಮೇಲೆ ಆವೃತ್ತಿ ಬಂದು, ಆರ್‌ಸಿ-30 ಎಂಬ ಕೊನೆಯದು 1975ರಲ್ಲಿ ಹೊರಟಿತು. ಇಡೀ ರೇಡಿಯೋಗಳ ನಕ್ಷೆಗಳನ್ನು ಕೂಡಿಹಾಕಿದವರು ಅದೇ ದೇಶದ ಜಾನ್ ರೈಡರ್ ಎಂಬುವರು. 1930ರ ದಶಕದಿಂದ ಅವರು ಹೊರತಂದ ದಪ್ಪ ಸಂಪುಟಗಳು 23. 1946ರಲ್ಲಿ ಹೊವಾರ್ಡ್ ಸ್ಯಾಮ್ಸ್ ಎಂಬುವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಯಾರಕರು ಕೊಟ್ಟ ನಕ್ಷೆಗಾಗಿ ಕಾಯದೆ, ಪೆಟ್ಟಿಗೆಯನ್ನೇ ತಂದು, ಬಿಚ್ಚಿ, ಅಳೆದು, ಛಾಯಾಚಿತ್ರ ತೆಗೆದು, ತಾವೇ ನಕ್ಷೆ ಬರೆಸಿ ‘ಫೋಟೋಫ್ಯಾಕ್ಟ್’ ಎಂಬ ಹೆಸರಿನಿಂದ ಮಾರಿದರು. ದುರಸ್ತಿಗಾರರಿಗೆ ಕಾಗದವೆಂಬುದು ಹತಾರಗಳಷ್ಟೇ ಮುಖ್ಯವೆಂದು ಇವರೆಲ್ಲರೂ ಅರಿತಿದ್ದರು.

ನಮ್ಮ ದೇಶದ ರೇಡಿಯೋಗಳಲ್ಲಿ ಹೆಚ್ಚಾಗಿ ಇದ್ದುದು ಯೂರೋಪಿನ ವಾಲ್ವುಗಳು. ಅವುಗಳ ಹೆಸರಿನಲ್ಲೇ ಅರ್ಥ ಅಡಗಿದೆಯೆಂಬುದು ನಮಗೆ ಬಹು ಸೋಜಿಗವನ್ನುಂಟುಮಾಡಿತು. ಫಿಲಿಪ್ಸ್ ಮತ್ತು ಮುಲ್ಲಾರ್ಡ್ ಕಂಪನಿಗಳು 1934ರಿಂದ ಬಳಸಿದ ಆ ಪದ್ಧತಿಯಲ್ಲಿ ಮೊದಲಿನ ಅಕ್ಷರವು ವಾಲ್ವನ್ನು ಕಾಯಿಸುವ ವಿದ್ಯುತ್ತನ್ನು ಸೂಚಿಸುತ್ತದೆ. ‘ಇ’ ಎಂದರೆ 6.3 ವೋಲ್ಟ್. ಆಮೇಲಿನ ಅಕ್ಷರಗಳು ಅದರ ಜಾತಿಯನ್ನು ಹೇಳುತ್ತವೆ: ‘ಸಿ’ ಎಂದರೆ ಟ್ರಯೋಡ್, ‘ಎಲ್’ ಎಂದರೆ ಸ್ಪೀಕರಿಗೆ ಬಲ ಕೊಡುವ ಪೆಂಟೋಡ್, ‘ಝಡ್’ ಎಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಅಂಕೆ 8ರಿಂದ ಆರಂಭವಾದರೆ ಒಂಬತ್ತು ಕಾಲಿನ ಗಾಜಿನ ವಾಲ್ವು. ನಮ್ಮ ಪೆಟ್ಟಿಗೆಯಲ್ಲಿ ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80 ಎಂಬ ಐದಿದ್ದವು. ಹೆಸರು ಓದಿದೊಡನೆಯೇ ಅರ್ಧ ಕಥೆ ತಿಳಿಯಿತು. ಅಮೆರಿಕನ್ನರು ಇವಕ್ಕೆ ಬೇರೆ ಸಂಖ್ಯೆ ಕೊಟ್ಟಿದ್ದರು. ಇಎಲ್84ಕ್ಕೆ ಅಲ್ಲಿ 6ಬಿಕ್ಯು5 ಎಂದು ಹೆಸರು. ಆದುದರಿಂದ ಒಂದು ಹೆಸರಿನಲ್ಲಿ ಸಿಗದ ಕಾಗದ ಇನ್ನೊಂದು ಹೆಸರಿನಲ್ಲಿ ಸಿಕ್ಕುವುದುಂಟು.

ಟ್ರಾನ್ಸಿಸ್ಟರುಗಳು ಬಂದಾಗ ಈ ನಾಮಕರಣ ಇನ್ನೂ ಸ್ವಾರಸ್ಯವಾಯಿತು. ಟ್ರಾನ್ಸಿಸ್ಟರಿಗೆ ಕಾಯಿಸುವ ತಂತಿಯೇ ಇಲ್ಲ. ಆದುದರಿಂದ ಹಳೆಯ ಪದ್ಧತಿಯ ಮೊದಲಕ್ಷರದ ಜಾಗದಲ್ಲಿ ಶೂನ್ಯಸೂಚಕವಾದ ‘ಓ’ ಹಾಕಿ ಓಸಿ71 ಎಂಬಂಥ ಹೆಸರುಗಳನ್ನಿಟ್ಟರು. 1966ರಲ್ಲಿ ಪ್ರೊ ಎಲೆಕ್ಟ್ರಾನ್ ಎಂಬ ಯೂರೋಪಿನ ಸಂಸ್ಥೆ ಹುಟ್ಟಿ ಹೆಸರುಗಳ ದಾಖಲೆಯನ್ನು ವಹಿಸಿಕೊಂಡಿತು. ಹೊಸ ಕ್ರಮದಲ್ಲಿ ‘ಎ’ ಎಂದರೆ ಜರ್ಮೇನಿಯಂ, ‘ಬಿ’ ಎಂದರೆ ಸಿಲಿಕಾನ್. ಎಸಿ128, ಬಿಸಿ148 ಎಂಬವು ಹೀಗೆ ಬಂದವು. ಅಮೆರಿಕದ 2ಎನ್ ಸಂಖ್ಯೆಗಳು ನಮ್ಮ ಬ್ಯಾಂಕಿನ ಖಾತೆ ಸಂಖ್ಯೆಗಳಿದ್ದಂತೆ. ಬಂದ ಸರದಿಯನ್ನು ಹೇಳುತ್ತವೆ, ಗುಣವನ್ನು ಹೇಳುವುದಿಲ್ಲ. ಜಪಾನಿನವರು ‘2ಎಸ್’ ಎಂಬುದನ್ನು ಮೈಮೇಲೆ ಅಚ್ಚುಹಾಕದೆ ಬಿಡುವುದೇ ಹೆಚ್ಚು; ಸಿ1815 ಎಂದಿದ್ದರೆ 2ಎಸ್‌ಸಿ1815 ಎಂದು ಹುಡುಕಬೇಕು. ಇನ್ನೊಂದು ಮೋಸವಿದೆ. ಚಿಪ್ಪಿನ ಮೇಲೆ 7432 ಎಂದಿದ್ದರೆ ಅದು ಚಿಪ್ಪಿನ ಹೆಸರೂ ಆಗಿರಬಹುದು, 1974ರ 32ನೆಯ ವಾರದಲ್ಲಿ ತಯಾರಾದುದೆಂಬ ಗುರುತೂ ಆಗಿರಬಹುದು. ಚೆಕ್ಕಿನ ಮೇಲೆ ತಾರೀಖನ್ನು ಮೊತ್ತವೆಂದು ಓದಿದಂತಾದೀತು!

ಈ ವಿಷಯದಲ್ಲಿ ಕನ್ನಡ ನಾಡಿಗೆ ಗೌರವದ ಸ್ಥಾನವಿದೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾಯಿತು. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳು, 1964ರಲ್ಲಿ ಆಕಾಶವಾಣಿಗಾಗಿ ಪ್ರೇಷಕಗಳು ತಯಾರಾಗತೊಡಗಿದವು. ದೇಶದ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಎಸ್‌ಎಲ್100 ಎಂಬ ಟ್ರಾನ್ಸಿಸ್ಟರನ್ನು ಮುಟ್ಟದ ವಿದ್ಯಾರ್ಥಿ ವಿರಳ. ಇಂಥ ಹೆಸರುಗಳು ಹೆಚ್ಚಾಗಿ ಭಾರತದಲ್ಲಿ ಬಳಕೆಯಲ್ಲಿದ್ದವು. ಹೊರದೇಶದ ಗ್ರಂಥಗಳಲ್ಲಿ ಅವುಗಳ ಸುಳಿವು ಸಿಗುವುದು ಕಷ್ಟ. ಅವುಗಳ ಕಾಗದಗಳನ್ನು ನಾವೇ ಉಳಿಸಿಕೊಳ್ಳದಿದ್ದರೆ ಬೇರೆ ಯಾರು ಉಳಿಸಿಯಾರು?

ಕಾಗದಗಳು ಅಳಿಯುವ ಬಗೆಯೂ ವಿಚಾರಯೋಗ್ಯ. ಕಂಪನಿ ಮುಚ್ಚುತ್ತದೆ, ಇಲ್ಲವೆ ಇನ್ನೊಂದರಲ್ಲಿ ಲೀನವಾಗುತ್ತದೆ. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಪಾಲಾಯಿತು. ಫೇರ್‌ಚೈಲ್ಡ್ 2016ರಲ್ಲಿ ಆನ್ ಸೆಮಿಕಂಡಕ್ಟರಿನ ಪಾಲಾಯಿತು. ತಯಾರಿಕೆ ನಿಂತ ಭಾಗಗಳ ಕಾಗದಗಳನ್ನು ಹೊಸ ಯಜಮಾನರು ಕಾಪಾಡಲೇಬೇಕೆಂಬ ಕಟ್ಟಳೆಯಿಲ್ಲ. ಬ್ಯಾಂಕುಗಳ ವಿಲೀನವನ್ನು ಕಣ್ಣಾರೆ ಕಂಡ ನಮಗೆ ಇದು ಬೇಗ ಅರ್ಥವಾಯಿತು: ಹೊಸ ಫಲಕ ಬಂದ ವಾರದಲ್ಲೇ ಹಳೆಯ ಕಪಾಟುಗಳು ಹಿತ್ತಿಲಿಗೆ ಹೋಗುತ್ತವೆ.

ಆದರೆ ಉಳಿಸಿದವರೂ ಇದ್ದಾರೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಹಳೆಯ ಯಂತ್ರಗಳ ಕೈಪಿಡಿಗಳನ್ನೇ ಮಾರುತ್ತಿದ್ದ ಒಂದು ಮಳಿಗೆ 2015ರಲ್ಲಿ ಮುಚ್ಚುವ ಸ್ಥಿತಿಗೆ ಬಂದಿತು. ಹತ್ತಾರು ಸಾವಿರ ಕೈಪಿಡಿಗಳು ಕಸಕ್ಕೆ ಹೋಗುವುದರಲ್ಲಿದ್ದವು. ಜೇಸನ್ ಸ್ಕಾಟ್ ಎಂಬ ದಾಖಲೆಗಾರರು ಸುದ್ದಿ ತಿಳಿದು ಧಾವಿಸಿದರು. ಕರೆ ಕೇಳಿ ಬಂದ ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಅವುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹೊರಸಾಗಿಸಿದರು. 1996ರಲ್ಲಿ ಸ್ಥಾಪಿತವಾದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ಮೂಲಕ ಅಂಥ ಕೈಪಿಡಿಗಳು ಈಗ ಯಾರ ಕೈಗಾದರೂ ಕಾಸಿಲ್ಲದೆ ದೊರೆಯುತ್ತಿವೆ.

ನಮ್ಮ ಪೆಟ್ಟಿಗೆಯ ಕಥೆಗೆ ಬರೋಣ. ಆ ಮಾದರಿಯ ಕೈಪಿಡಿ ನಮಗೆ ಎಲ್ಲಿಯೂ ಸಿಗಲಿಲ್ಲ. ಆದರೆ ಇಎಲ್84ರ ಡಾಟಾಶೀಟ್ ಒಂದೇ ರಾತ್ರಿಯಲ್ಲಿ ಸಿಕ್ಕಿತು. ಮಿಸ್ತ್ರಿಗಳ ಮುಂದೆ ಹಿಡಿದೆವು. ಅದರಲ್ಲಿ ಹೀಗಿತ್ತು: ಪ್ಲೇಟಿಗೆ 250 ವೋಲ್ಟ್ ಕೊಟ್ಟಾಗ ಅದರಲ್ಲಿ 48 ಮಿಲಿಆಂಪಿಯರ್, ಸ್ಕ್ರೀನಿನಲ್ಲಿ 5.5 ಮಿಲಿಆಂಪಿಯರ್ ಹರಿಯಬೇಕು. ಗ್ರಿಡ್ಡು ಕ್ಯಾಥೋಡಿಗಿಂತ 7.3 ವೋಲ್ಟ್ ಕೆಳಗಿರಬೇಕು. ಎರಡು ಪ್ರವಾಹಗಳೂ ಕರಕಾಗಿದ್ದ ಆ ಕ್ಯಾಥೋಡ್ ರೆಸಿಸ್ಟರಿನ ಮೂಲಕವೇ ಹರಿಯುತ್ತವೆ. ಕೂಡಿದರೆ 53.5 ಮಿಲಿಆಂಪಿಯರ್, 7.3ನ್ನು ಅದರಿಂದ ಭಾಗಿಸಿದರೆ ಸುಮಾರು 136 ಓಮ್. ಕಾಗದದಲ್ಲಿ ಅಚ್ಚಾಗಿದ್ದುದು 135. ಗುಮಾಸ್ತನ ಲೆಕ್ಕವೂ ಕಂಪನಿಯ ಲೆಕ್ಕವೂ ತಾಳೆಯಾದುದನ್ನು ಕಂಡು ನಾವು ಹಿಗ್ಗಿದೆವು.

ಮಿಸ್ತ್ರಿಗಳು ಹಿಗ್ಗಲಿಲ್ಲ. “ರೆಸಿಸ್ಟರ್ ತಾನಾಗಿ ಸುಡುವುದಿಲ್ಲ, ಯಾರೋ ಸುಟ್ಟಿರಬೇಕು” ಎಂದರು. ಕಾಗದದ ಚಿತ್ರದಲ್ಲಿ ಎರಡನೆಯ ಕಾಲು ಗ್ರಿಡ್ಡಿನದೆಂದು ನೋಡಿಕೊಂಡು, ವಾಲ್ವನ್ನು ತೆಗೆದು, ಅದರ ಕುಳಿಯಲ್ಲಿ ಮೀಟರಿನ ಮೊನೆ ಇಟ್ಟರು. ಸೊನ್ನೆ ಇರಬೇಕಾದಲ್ಲಿ ಧನ ವೋಲ್ಟೇಜು ಕಾಣಿಸಿತು. ಹಿಂದಿನ ವಾಲ್ವಿನಿಂದ ದನಿಯನ್ನು ಮಾತ್ರ ಬಿಟ್ಟು ಡಿಸಿಯನ್ನು ತಡೆಯಬೇಕಾದ ಹಳೆಯ ಕಾಗದದ ಕೆಪಾಸಿಟರ್ ಸೋರುತ್ತಿತ್ತು. ಅದರಿಂದ ವಾಲ್ವು ಮಿತಿ ಮೀರಿ ಪ್ರವಾಹ ಎಳೆದು ರೆಸಿಸ್ಟರನ್ನು ಸುಟ್ಟಿತ್ತು. ಲೆಕ್ಕ ತಾಳೆಯಾಗದಾಗ ಕೊನೆಯ ಪುಟವನ್ನು ತಿದ್ದಿದರೆ ಸಾಲದು, ತಪ್ಪು ಹೊಕ್ಕ ಮೊದಲ ಚೀಟಿಯನ್ನು ಹುಡುಕಬೇಕೆಂದು ನಮ್ಮ ಹಳೆಯ ಹೆಡ್ ಕ್ಲಾರ್ಕರು ಹೇಳುತ್ತಿದ್ದುದು ನೆನಪಾಯಿತು. ಬರಿಯ ರೆಸಿಸ್ಟರ್ ಬದಲಿಸಿದ್ದರೆ ಅದೂ ಸುಡುತ್ತಿತ್ತು. ವಾಲ್ವು ಹೋಗುವ ಸಂಭವವೂ ಇತ್ತು. ಎರಡನ್ನೂ ಬದಲಿಸಿದ ಮೇಲೆ ಪೆಟ್ಟಿಗೆ ಮಾತಾಡಿತು.

ಆ ರಾತ್ರಿ ಕರಕರ ಸದ್ದಿನ ನಡುವೆ ಧಾರವಾಡ ಕೇಂದ್ರ ಕೇಳಿಬಂದಿತು. ಕಿವಿ ಮಂದವಾಗಿದ್ದ ಅಜ್ಜಿ ಪೆಟ್ಟಿಗೆಗೆ ತಲೆ ಹಚ್ಚಿ ಕುಳಿತು, “ಹೌದಲ್ಲೋ, ನಮ್ಮವರ ಮಾತಾಡಾಕ ಹತ್ಯಾರ” ಎಂದರು. ಅವರು ಈಗ ಇಲ್ಲ. ಅವರು ಮತ್ತೆರಡು ವರ್ಷ ಧಾರವಾಡವನ್ನು ಕೇಳಿದುದಕ್ಕೆ ಎಲ್ಲಿಯೋ ಯಾರೋ ಎಸೆಯದೆ ಕಾಪಾಡಿದ ಒಂದು ಕಾಗದವೇ ಕಾರಣ.

ಬಳಿಕ ನಾವು ಮಿಸ್ತ್ರಿಗಳ ನೆರವಿನಿಂದ ಪೆಟ್ಟಿಗೆಯ ತಂತಿಗಳನ್ನೆಲ್ಲ ಗುರುತಿಸಿ ಒಂದು ನಕ್ಷೆ ಬರೆದೆವು. ನಾಲ್ಕು ರವಿವಾರ ಹಿಡಿಯಿತು. ಒಂದು ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯೊಳಗೆ, ಬಿಸಿ ತಾಗದ ಮೂಲೆಯಲ್ಲಿ, ಅಂಟಿಸಿದ್ದೇವೆ. ಇನ್ನೊಂದನ್ನು ಎಲ್ಲರಿಗೂ ದೊರೆಯುವಂತೆ ಇಂಟರ್ನೆಟ್ ಆರ್ಕೈವಿನಲ್ಲಿ ಇರಿಸಿದ್ದೇವೆ.

ಕೊನೆಗೆ ಓದುಗ ಬಂಧುಗಳಲ್ಲಿ ಒಂದು ಬಿನ್ನಹ. ನಮ್ಮ ಸಂಘದ ಸದಸ್ಯರ ಹಿರಿಯರಲ್ಲಿ ಬೆಂಗಳೂರಿನ ಕಾರ್ಖಾನೆಗಳಲ್ಲಿ, ರೇಡಿಯೋ ಅಂಗಡಿಗಳಲ್ಲಿ, ತಾರು ಟೆಲಿಫೋನು ಇಲಾಖೆಗಳಲ್ಲಿ ದುಡಿದವರು ಅನೇಕರಿದ್ದಾರೆ. ಅಂಥವರ ಮನೆಗಳ ಅಟ್ಟದ ಮೇಲೆ ಹಳೆಯ ಕೈಪಿಡಿಗಳು, ಬಿಡಿಭಾಗಗಳ ಪಟ್ಟಿಗಳು, ಕೈಬರಹದ ನಕ್ಷೆಗಳು ಇನ್ನೂ ಇದ್ದಾವು. ಈ ದೀಪಾವಳಿಯ ಗುಡಿಸಾಟದಲ್ಲಿ ಅವನ್ನು ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿರಿ. ಹೊದಿಕೆ, ಇಸವಿ, ಕೊನೆಯ ಮಡಿಕೆಯ ನಕ್ಷೆ ಇವನ್ನು ಬಿಡದೆ ಪುಟಪುಟವಾಗಿ ಚಿತ್ರ ತೆಗೆಯಿರಿ. ನಿಮ್ಮಿಂದಾಗದಿದ್ದರೆ ಸಂಘದ ಕಚೇರಿಗೆ ತಂದುಕೊಡಿರಿ. ರವಿವಾರಗಳಂದು ನಾವು ಅಲ್ಲಿರುತ್ತೇವೆ, ಆ ಕೆಲಸವನ್ನು ನಾವು ಮಾಡಿಕೊಡುತ್ತೇವೆ. ಕಾಗದವನ್ನು ಮರಳಿ ಕೊಡುವಾಗ ರಸೀತಿಯನ್ನೂ ಕೊಡುತ್ತೇವೆ.