ಡಾಂಬರಿನ ನಾಡಿ ಹಿಡಿದವರು

ಮಧುಮೇಹ ಪತ್ತೆ ಹಚ್ಚಲು ಹಿಂದಿನ ಕಾಲದ ವೈದ್ಯರು ಮೂತ್ರದ ರುಚಿ ನೋಡುತ್ತಿದ್ದರು. ರಸ್ತೆ ಹಾಕುವವರ ಚರಿತ್ರೆಯಲ್ಲೂ ಇಂಥದ್ದೇ ಅಧ್ಯಾಯವಿದೆ ಎಂದು ನಿವೃತ್ತಿಯ ನಂತರದ ಓದಿನಲ್ಲಿ ತಿಳಿದು ನನಗೆ ಅಚ್ಚರಿಯಾಯಿತು.

1876ರಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂವಿಗೆ ಟ್ರಿನಿಡಾಡ್ ದ್ವೀಪದ ಸರೋವರದಿಂದ ತಂದ ಡಾಂಬರು ಹಾಸಿದರು. ಆ ದಿನಗಳಲ್ಲಿ ಡಾಂಬರಿನ ಗಡಸುತನ ತಿಳಿಯಲು ಅನುಭವಿಗಳು ಚೂರೊಂದನ್ನು ಬಾಯಿಗೆ ಹಾಕಿ ಜಗಿಯುತ್ತಿದ್ದರಂತೆ! 1888ರಲ್ಲಿ ಬಾರ್ಬರ್ ಆಸ್ಫಾಲ್ಟ್ ಕಂಪನಿಯ ಎಚ್. ಸಿ. ಬೋವೆನ್ ಆ ಕೆಲಸವನ್ನು ಹಲ್ಲಿನಿಂದ ಸೂಜಿಗೆ ವರ್ಗಾಯಿಸಿದ. ಮುಂದೆ ನಿಯಮ ಹೀಗೆ ನೆಲೆಗೊಂಡಿತು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 100 ಗ್ರಾಂ ಭಾರದ ಸೂಜಿ 5 ಸೆಕೆಂಡಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ? ಆಳದ ಲೆಕ್ಕ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದ 80/100, 60/70 ಎಂಬ ದರ್ಜೆಗಳು ಈ ಸೂಜಿಯ ಲೆಕ್ಕವೇ. ಅಂಕಿ ಚಿಕ್ಕದಾದಷ್ಟೂ ಡಾಂಬರು ಗಟ್ಟಿ.

ಆದರೆ ರೋಗಿಯ ಜ್ವರ ಇಳಿದ ಮೇಲೆ ಪರೀಕ್ಷಿಸಿದರೆ ಜ್ವರದ ಸುದ್ದಿ ಸಿಗುವುದೇ? ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ರಸ್ತೆಯ ಮೈ 60 ಡಿಗ್ರಿ ಮುಟ್ಟುವುದುಂಟು. 25 ಡಿಗ್ರಿಯಲ್ಲಿ ಒಂದೇ ದರ್ಜೆಯೆನಿಸಿದ ಎರಡು ಡಾಂಬರುಗಳಲ್ಲಿ ಒಂದು ಆ ಬಿಸಿಗೆ ಮೆತ್ತಗಾಗಿ, ಲಾರಿ ಚಕ್ರದಡಿ ಹಳ್ಳ ಬೀಳಬಹುದು. ಹಾಗಾಗಿ ಭಾರತೀಯ ಮಾನಕ ಐಎಸ್ 73, 2006ರಲ್ಲಿ ಸೂಜಿಯ ದರ್ಜೆಗಳನ್ನು ಬಿಟ್ಟು ಸ್ನಿಗ್ಧತೆಯ ದರ್ಜೆಗಳನ್ನು ತಂದಿತು. 60/70ರ ಜಾಗಕ್ಕೆ ವಿಜಿ-30 ಬಂತು. 60 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಕನಿಷ್ಠ 2400 ಪಾಯ್ಸ್ ಇರಬೇಕು.

ಈ 'ಪಾಯ್ಸ್' ನನಗೆ ಆಪ್ತವಾದ ಪದ. ರಕ್ತ ಹರಿಯುವ ಬಗೆ ತಿಳಿಯಲು ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಗಳಲ್ಲಿ ದ್ರವ ಹರಿಸಿ ನೋಡಿದ ಫ್ರೆಂಚ್ ವೈದ್ಯ ಪ್ವಾಜೈ (1797–1869) ಹೆಸರಿನಿಂದ ಅದು ಬಂದಿದೆ. ನಮ್ಮ ರಕ್ತದ ಸ್ನಿಗ್ಧತೆ ಸುಮಾರು 0.04 ಪಾಯ್ಸ್. ಅಂದರೆ ಕಾದ ರಸ್ತೆಯ ವಿಜಿ-30 ರಕ್ತಕ್ಕಿಂತ 60,000 ಪಟ್ಟು ಮಂದ!

ನಾವೀಗ ನೆಲೆಸಿರುವ ಅಮೆರಿಕ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 1987ರಿಂದ 1993ರವರೆಗೆ ನಡೆದ ಸಂಶೋಧನೆಯಿಂದ ಹುಟ್ಟಿದ 'ಪಿಜಿ 64-22' ಎಂಬ ದರ್ಜೆಯಲ್ಲಿ ಊರಿನ ಹವಾಮಾನವೇ ಅಡಗಿದೆ: ರಸ್ತೆ 64 ಡಿಗ್ರಿಯವರೆಗೆ ಕಾದರೂ, ಸೊನ್ನೆಗಿಂತ 22 ಡಿಗ್ರಿ ಕೆಳಗಿಳಿದರೂ ತಾಳಬೇಕು.

ಇಷ್ಟೆಲ್ಲ ಅಳತೆ ರಸ್ತೆಯ ಆರೋಗ್ಯಕ್ಕಾಯಿತು. ಅದನ್ನು ಹಾಸುವ ಕೂಲಿಯವರ ಆರೋಗ್ಯ? ರಸ್ತೆ ಹಾಸುವಾಗಿನ ಡಾಂಬರಿನ ಹೊಗೆ ಕ್ಯಾನ್ಸರ್ ತರುವ ಸಾಧ್ಯತೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲೇ ಹೇಳಿದೆ. ಕಡಿಮೆ ಬಿಸಿಯಲ್ಲಿ ಕಲಸುವ ವಿಧಾನಗಳು ಈಗ ಇವೆ. ಬಿಸಿ ತಗ್ಗಿದರೆ ಹೊಗೆಯೂ ತಗ್ಗುತ್ತದೆ. ಡಾಂಬರನ್ನು ಜಗಿಯುವ ಕಷ್ಟ ಸೂಜಿಯಿಂದ ತಪ್ಪಿತು. ಹೊಗೆ ಕುಡಿಯುವ ಕಷ್ಟವೂ ತಪ್ಪಲಿ ಎಂಬುದು ಈ ವೈದ್ಯನ ಆಸೆ.